ಹದಿಮೂರನೇ ಕುರ್ಚಿ

ಅವಳು ಬೆಳಿಗ್ಗೆಯಿಂದ ಕೂತು ಬಿಗಿದಿದ್ದ ಬೋಲ್ಟುಗಳನ್ನು ಅವನು ಒಂದೊಂದಾಗಿ ಬಿಚ್ಚುತ್ತಿದ್ದ.

ಟೀ ತರಲು ಮೇಲೆ ಹೋಗಿ ಬಂದದ್ದು ಐದೇ ನಿಮಿಷ. ಅಷ್ಟರಲ್ಲಿ ವೀಲ್‌ಚೇರಿನ ಎರಡೂ ಕಾಲುಹಲಗೆ, ಒಂದು ತೋಳು, ಬಲಗಡೆಯ ಬ್ರೇಕು, ಎಲ್ಲ ಕಳಚಿಕೊಂಡು ಮೇಜಿನ ಮೇಲೆ ಬಿದ್ದಿದ್ದವು. ಯಾರೋ ಒಬ್ಬ ನೆಲಕ್ಕೆ ಮಂಡಿಯೂರಿ, ಮಿಕ್ಕಿದ್ದ ತೋಳಿಗೂ ಸ್ಪಾನರ್ ಹಾಕಿದ್ದ.

"ಏನ್ರೀ ಮಾಡ್ತಿದ್ದೀರಿ!"

ಕೂಗಿದ ಮೇಲೆ ಗೊತ್ತಾಯಿತು, ಕೂಗಿದ್ದು ಕನ್ನಡದಲ್ಲಿ. ಈ ದೇಶಕ್ಕೆ ಬಂದ ಮೂರು ದಿನದಲ್ಲಿ ಅವಳ ಬಾಯಿಂದ ತಡವರಿಸದೆ ಹೊರಟ ಮೊದಲ ಮಾತು ಅದು.

ಅವನು ತಲೆ ಎತ್ತಲಿಲ್ಲ.

"ಬಿಚ್ತಿದ್ದೀನಿ."

ಕನ್ನಡ! ಅವಳ ಎದೆ ಒಮ್ಮೆ ಹಗುರಾಯಿತು. ಮರುಕ್ಷಣವೇ ಉರಿಯಿತು. ಎರಡೂ ಒಂದೇ ಸಲ ಆಗಬಾರದಿತ್ತು... ಆದರೆ ಆಯಿತು.

"ಅದು ಕಾಣ್ತಿದೆ. ಯಾಕೆ ಅಂತ ಕೇಳಿದೆ. ನಾನು ಸರಿಯಾಗಿ ಬಿಗಿದಿಲ್ವಾ?"

"ಸರಿಯಾಗೇ ಬಿಗಿದಿದ್ದೀರಿ."

"ಮತ್ತೆ?"

ಆಗ ಅವನು ಮುಖ ಎತ್ತಿದ. ಗಡ್ಡದ ಅಂಚಿಗೆ ಗ್ರೀಸು ಮೆತ್ತಿತ್ತು. ಕಣ್ಣುಗಳು ಮಾತ್ರ ತೊಳೆದಿಟ್ಟ ಹಾಗಿದ್ದವು.

"ಪಾದ್ರಿಯಮ್ಮ ನಿಮಗೆ ನಿಯಮದ ಹಾಳೆ ಕೊಟ್ಟಿದ್ದಾರಲ್ಲ. ಓದಿದ್ರಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಹಾಗಾದ್ರೆ ಕೇಳೋದೇನಿದೆ?"

ಓದಿರಲಿಲ್ಲ. ನಾಲ್ಕು ಪುಟ, ಇಲ್ಲಿನ ಭಾಷೆಯಲ್ಲಿ, ಇರುವೆ ಸಾಲಿನಂಥ ಅಕ್ಷರ. ಬಂದ ದಿನ ಪಾದ್ರಿಯಮ್ಮ ಅದನ್ನು ಕೈಗಿಟ್ಟು "ಅರ್ಥ ಆಯ್ತಾ ಮಗಳೇ?" ಎಂದು ಕೇಳಿದಾಗಲೂ ಹೀಗೇ ತಲೆಯಾಡಿಸಿದ್ದಳು. ಈ ಮೂರು ದಿನ ಅವಳು ಎಲ್ಲದಕ್ಕೂ ತಲೆಯಾಡಿಸಿದ್ದಳು. ಬಸ್ಸಿನವನಿಗೆ, ಅಂಗಡಿಯವಳಿಗೆ, ಗೋಡೆಯ ಮೇಲಿನ ಯೇಸುವಿಗೆ ಕೂಡ.

ಅವನು ಇನ್ನೊಂದು ವೀಲ್‌ಚೇರನ್ನು ಅವಳ ಮುಂದೆ ತಳ್ಳಿದ. "ಇದು ನಾನು ಮಾಡಿದ್ದು. ನೀವು ನೋಡಿ ಸಹಿ ಹಾಕಿ."

ಅವಳು ನೋಡಿದಳು. ಕುರ್ಚಿ ಫಳಫಳ ಹೊಳೆಯುತ್ತಿತ್ತು. ಚಕ್ರದಿಂದ ನೇತಾಡುತ್ತಿದ್ದ ಚೀಟಿಯಲ್ಲಿ ಎರಡು ಗೆರೆ. ಮೊದಲನೆಯದರ ಮೇಲೆ ಅವನ ಸಹಿ. ಎರಡನೆಯದರ ಮೇಲೆ ಅವಳು ತನ್ನದು ಗೀಚಿದಳು.

"ಆಯ್ತಾ?"

"ಆಯ್ತು."

"ಇಷ್ಟೇನಾ?"

"ಇನ್ನೇನು?"

ಅವನು ಚೀಟಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಮತ್ತೆ ಬಗ್ಗಿ ಅವಳ ಬೋಲ್ಟು ಬಿಚ್ಚತೊಡಗಿದ.

*

ಚರ್ಚಿನ ನೆಲಮಾಳಿಗೆಯ ಆ ಕೋಣೆಯಲ್ಲಿ ಜನ ದಾನ ಕೊಟ್ಟ ಹಳೆಯ ವೀಲ್‌ಚೇರುಗಳು ರಾಶಿ ಬಿದ್ದಿದ್ದವು. ಅವನ್ನು ರಿಪೇರಿ ಮಾಡಿ, ಕಾಲು ಮುರಿದವರಿಗೆ, ಆಪರೇಷನ್ ಆದವರಿಗೆ, ವಯಸ್ಸಾದವರಿಗೆ ಪುಕ್ಕಟೆಯಾಗಿ ಕೊಡುವುದು ಚರ್ಚಿನ ಸೇವೆ. ತನ್ನ ಊರಿನ ಚರ್ಚ್ ಸಭೆಯ ಮೂಲಕ ಒಂದು ವರ್ಷದ ಸ್ವಯಂಸೇವೆಗೆ ಬಂದಿದ್ದ ಅವಳನ್ನು ಅಲ್ಲಿಗೆ ಹಾಕಿದ್ದು ಸುಮ್ಮನೆ ಅಲ್ಲ. ಅವಳ ಅಪ್ಪನದು ಸೈಕಲ್ ಅಂಗಡಿ. ಜಡೆ ಹಾಕಿಕೊಳ್ಳುವುದಕ್ಕೆ ಮೊದಲೇ ಚಕ್ರಕ್ಕೆ ಕಡ್ಡಿ ಹಾಕಲು ಕಲಿತವಳು ಅವಳು.

ಅಪ್ಪನ ಅಂಗಡಿಯಲ್ಲಿ ಒಂದು ಮರ್ಯಾದೆ ಇತ್ತು. ಒಬ್ಬರು ಬಿಗಿದ ನಟ್ಟನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಮುಟ್ಟಿದರೆ, ನಿನ್ನ ಕೈ ಮೇಲೆ ನಂಬಿಕೆ ಇಲ್ಲ ಅಂತ ಮುಖಕ್ಕೆ ಹೊಡೆದು ಹೇಳಿದ ಹಾಗೆ. ಅದರಲ್ಲೂ ಹಿರಿಯರ ಕೆಲಸವನ್ನು ಕಿರಿಯರು ಪರೀಕ್ಷಿಸುವುದು! ಅಂಥ ಉದ್ಧಟತನಕ್ಕೆ ಅಲ್ಲಿ ಹೆಸರೇ ಇರಲಿಲ್ಲ.

ಇಲ್ಲಿ ಮಾತ್ರ ದಿನವೂ ಅದೇ.

ಅವಳು ಬಿಗಿಯುತ್ತಿದ್ದಳು, ಅವನು ಬಿಚ್ಚುತ್ತಿದ್ದ. ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಅದೇ ಜಾಗಕ್ಕೆ ಅಷ್ಟೇ ಬಿಗಿಯಾಗಿ ಹಾಕುತ್ತಿದ್ದ. ತಪ್ಪು ಸಿಕ್ಕಿದ್ದರೆ ಅವಳಿಗೆ ಸಮಾಧಾನ ಇರುತ್ತಿತ್ತೇನೋ. ಒಂದೂ ಸಿಗುತ್ತಿರಲಿಲ್ಲ. ಆದರೂ ಬಿಚ್ಚುತ್ತಿದ್ದ!

ಅವಳು ಮನಸ್ಸಿನಲ್ಲೇ ಅವನಿಗೆ ಹೆಸರಿಟ್ಟಳು, ಸ್ಪಾನರ್ ಸಾಹೇಬ.

ಸಾಹೇಬರು ಹುಟ್ಟಿದ್ದೇ ಈ ದೇಶದಲ್ಲಂತೆ. ಕನ್ನಡ ಕಲಿಸಿದ್ದು ಅಜ್ಜಿಯಂತೆ. ಹಾಗಾಗಿ ಮಾತು ನಮ್ಮದು, ರೀತಿ ಪೂರ್ತಿ ಇಲ್ಲಿನದು. ಅದೇ ಅವಳನ್ನು ಹೆಚ್ಚು ಹಿಂಸಿಸುತ್ತಿದ್ದದ್ದು. ಬೇರೆಯವರು ಅರ್ಥವಾಗದಿದ್ದರೆ ಭಾಷೆಯನ್ನು ಬೈಯಬಹುದು. ಇವನು ಅರ್ಥವಾಗದಿದ್ದರೆ ಯಾರನ್ನು ಬೈಯುವುದು?

ಇಲ್ಲಿ ಯಾರೂ ಬೈಯುವುದಿಲ್ಲ, ಅದು ಇನ್ನೊಂದು ಕಷ್ಟ. ಸೀಟಿನ ಬಟ್ಟೆ ಹೊಲಿಯುವ ದರ್ಜಿಯಜ್ಜಿಯ ಕೈಯಿಂದ ಅವಳು ಒಂದು ದಿನ ಕಸಬರಿಗೆ ಕಸಿದುಕೊಂಡು ತಾನೇ ಗುಡಿಸಿದಳು. ವಯಸ್ಸಾದವರು ಗುಡಿಸುವಾಗ ಕೂತು ನೋಡುವುದು ಹೇಗೆ? ಅಜ್ಜಿ "ಥ್ಯಾಂಕ್ಸ್" ಎಂದು ನಕ್ಕಳು. ಅವಳು ಅತ್ತ ತಿರುಗಿದ ಮೇಲೆ ಅಜ್ಜಿಯೇ ಇಡೀ ಕೋಣೆಯನ್ನು ಇನ್ನೊಂದು ಸಲ ಗುಡಿಸಿದಳು.

'ನಾನು ಈ ದೇಶಕ್ಕೆ ಬಂದು ಇಷ್ಟು ದಿನ ಆಯ್ತು. ಒಂದಾದರೂ ಕೆಲಸ ನಾನು ಮಾಡಿದ ಹಾಗೇ ಉಳಿದಿದೆಯಾ?'

ಒಂದು ಬೆಳಿಗ್ಗೆ ಹಟಕ್ಕೆ ಬಿದ್ದಳು. ಹಲ್ಲು ಕಚ್ಚಿ, ಎರಡೂ ಕೈ ಹಾಕಿ, ಉಸಿರು ಬಿಗಿ ಹಿಡಿದು ಬಿಗಿದಳು. 'ಈಗ ಬಿಚ್ಚು ನೋಡೋಣ ಸಾಹೇಬ!'

ಅವನು ಇಪ್ಪತ್ತು ನಿಮಿಷ ಒದ್ದಾಡಿದ. ಎಣ್ಣೆ ಬಿಟ್ಟ, ಸುತ್ತಿಗೆಯಿಂದ ತಟ್ಟಿದ, ಕತ್ತಿನ ನರ ಉಬ್ಬಿಸಿದ. ಅವಳು ಬೆನ್ನು ತಿರುಗಿಸಿ ಕೂತು ನಗು ತಡೆದುಕೊಂಡಳು. ಕೊನೆಗೆ ಬೋಲ್ಟು ಬಂತು.

"ಇಷ್ಟು ಬಿಗಿ ಬೇಡ ಕಣ್ರೀ," ಅಂದ ಏದುಸಿರು ಬಿಡುತ್ತ. "ನಾಳೆ ಇನ್ನೊಬ್ಬರಿಗೆ ಬಿಚ್ಚೋಕೆ ಬರಬೇಕು."

"ಇನ್ನೊಬ್ಬರು ಯಾಕೆ ಬಿಚ್ಚಬೇಕು ಅಂತ!"

ಅವನು ಅವಳನ್ನೇ ನೋಡಿದ. ಅವಳ ಬೆರಳುಗಳನ್ನು ನೋಡಿದ. ತುದಿಗಳಲ್ಲಿ ಚರ್ಮ ಸುಲಿದು ಕೆಂಪಾಗಿತ್ತು.

ಮಾರನೆಯ ದಿನ ಅವಳ ಮೇಜಿನ ಮೇಲೆ ಒಂದು ಜೊತೆ ಹೊಸ ಕೈಗವಸು. ಸರಿಯಾಗಿ ಅವಳ ಅಳತೆ. ಕೋಣೆಯ ಹೀಟರು ಅವಳು ಕೂರುವ ಕಡೆಗೆ ತಿರುಗಿತ್ತು.

ಅದೂ ಹೇಳದೆ ಕೇಳದೆ! ಈ ಮನುಷ್ಯನಿಗೆ ಒಳ್ಳೆಯದನ್ನೂ ಬಾಯಿಬಿಟ್ಟು ಮಾಡಲು ಬರುವುದಿಲ್ಲವಲ್ಲ... ಗವಸು ಹಾಕಿಕೊಂಡು ಅವಳು ಬಹಳ ಹೊತ್ತು ತನ್ನ ಕೈಗಳನ್ನೇ ನೋಡುತ್ತ ಕೂತಳು. ಆಮೇಲೆ ಅವನು ಬಂದು, ಅವಳು ಆಗಷ್ಟೇ ಮುಗಿಸಿದ ಕುರ್ಚಿಗೆ ಸ್ಪಾನರ್ ಹಾಕಿದ.

ಕೈಗವಸು ಕಿತ್ತು ಮೇಜಿಗೆ ಎಸೆದಳು.

ಅವನ ಕುರ್ಚಿಗಳಿಗೆ ಮಾತ್ರ ಅವಳು ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದಳು. ಮೂರನೆಯದು, ಏಳನೆಯದು, ಹತ್ತನೆಯದು. ಅದು ಅವಳ ಸೇಡು. ಅದೇ ಅವಳ ಗೌರವ ಕೂಡ. 'ನೋಡು, ನಮ್ಮಲ್ಲಿ ಹೀಗೆ. ಕೈ ನೋಡಿದರೆ ಸಾಕು, ಕೆಲಸ ಕೆದಕುವುದಿಲ್ಲ.' ಪ್ರತಿ ಸಲ ಸಹಿ ಹಾಕುವಾಗಲೂ ಅವನ ಮುಖ ಒಂದಿಷ್ಟು ಇಳಿಯುತ್ತಿತ್ತು. ಯಾಕೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಅವಳೂ ಕೇಳಲಿಲ್ಲ.

*

"ಬೇರೆ ಊರಿನ ಚರ್ಚಿಗೆ ಹಾಕಿಕೊಡಿ. ಅಡುಗೆಮನೆ ಆದರೂ ಸರಿ," ಎಂದಳು ಅವಳು ಪಾದ್ರಿಯಮ್ಮನ ಮುಂದೆ ನಿಂತು. ಇಲ್ಲಿನ ಭಾಷೆಯಲ್ಲಿ ಆ ವಾಕ್ಯವನ್ನು ಕನ್ನಡಿಯ ಮುಂದೆ ಹತ್ತು ಸಲ ಹೇಳಿ ಕಲಿತಿದ್ದಳು.

ಪಾದ್ರಿಯಮ್ಮ ಕನ್ನಡಕ ತೆಗೆದರು. "ಅಲ್ಲಿ ಒಂದು ಜಾಗ ಇದೆ. ಎರಡನೇ ವರ್ಷಕ್ಕೂ ಉಳಿಯಬಹುದು. ಆದರೆ ಮಗಳೇ, ಯಾಕೆ? ಅವನು ಏನಾದರೂ ಅಂದನಾ?"

"ಏನೂ ಅನ್ನಲ್ಲ! ಅದೇ..." ಮುಂದಿನದನ್ನು ಕನ್ನಡಿಯ ಮುಂದೆ ಕಲಿತಿರಲಿಲ್ಲ. "ನನ್ನ ಕೆಲಸ ಅವರಿಗೆ ಬೇಡ."

"ಹಾಗಂತ ಅವನು ಹೇಳಿದನಾ?"

"ಕೈ ಹೇಳುತ್ತೆ."

ಪಾದ್ರಿಯಮ್ಮ ನಿಟ್ಟುಸಿರು ಬಿಟ್ಟರು. "ವರ್ಗದ ಪತ್ರಕ್ಕೆ ಎರಡು ಸಹಿ ಬೇಕು. ಒಂದು ನನ್ನದು. ಇನ್ನೊಂದು ನಿನ್ನ ಜೊತೆ ಕೆಲಸ ಮಾಡೋರದು."

ಇಲ್ಲೂ ಎರಡು ಸಹಿ! ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

*

ಆ ಗುರುವಾರ ಬೆಳಿಗ್ಗೆ ಅವನಿರಲಿಲ್ಲ. ಹಳೆಯ ಕುರ್ಚಿಗಳನ್ನು ತರಲು ವ್ಯಾನು ತೆಗೆದುಕೊಂಡು ಹೋಗಿದ್ದ. ಹನ್ನೆರಡನೆಯ ಕುರ್ಚಿ ಬಾಗಿಲ ಬಳಿ ಸಿದ್ಧವಾಗಿ ನಿಂತಿತ್ತು. ಹಿಂದಿನ ಸಂಜೆ ಅವನು ಮುಗಿಸಿ ಹೋದದ್ದು. ಅವಳು ಬಂದ ಕೂಡಲೇ ಎಂದಿನಂತೆ ಸಹಿ ಹಾಕಿದ್ದಳು.

ಒಬ್ಬ ಹೆಂಗಸು ಓಡುತ್ತ ಬಂದಳು. ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದಾರೆ, ಓಡಾಡಿಸಲು ವೀಲ್‌ಚೇರು ಇಲ್ಲ, ನಾಳೆಯವರೆಗೆ ಕಾಯಲಾಗದು. ಕುರ್ಚಿಗಳು ಹೋಗುವುದು ಶುಕ್ರವಾರ ಮಧ್ಯಾಹ್ನ, ಅದೂ ಅವನ ವ್ಯಾನಿನಲ್ಲಿ. ಆದರೆ ಚೀಟಿಯಲ್ಲಿ ಎರಡೂ ಸಹಿ ಇದ್ದವಲ್ಲ!

"ತಗೊಂಡು ಹೋಗಿ," ಎಂದಳು ಅವಳು. ಆ ಹೆಂಗಸು ಕಣ್ಣೊರೆಸಿಕೊಂಡು ಅವಳ ಕೈ ಅದುಮಿದಳು. ಬಂದ ಮೇಲೆ ಮೊದಲ ಸಲ ಅವಳಿಗೆ ಅನಿಸಿತು, ಇದು ನಾನು ಮಾಡಿದ ಕೆಲಸ. ಇದನ್ನು ಯಾರೂ ಬಿಚ್ಚುವುದಿಲ್ಲ.

ಅವನು ಬಂದಾಗ ಹನ್ನೊಂದು ಗಂಟೆ.

"ಹನ್ನೆರಡನೇದು ಎಲ್ಲಿ?"

"ಕೊಟ್ಟೆ. ತುರ್ತಾಗಿ ಬೇಕಿತ್ತಂತೆ. ಇಳಿಜಾರು ಬೀದಿಯ ಮೇಲ್ತುದಿ ಮನೆ."

ಅವನು ಮೇಜಿಗಿಟ್ಟಿದ್ದ ವ್ಯಾನಿನ ಕೀಲಿಯನ್ನು ಮತ್ತೆ ಎತ್ತಿಕೊಂಡ.

"ನೀವು ಅದನ್ನ ನೋಡಿದ್ರಾ? ನಿಜ ಹೇಳಿ. ಬ್ರೇಕು ನೋಡಿದ್ರಾ?"

"ನೀವೇ ಮಾಡಿದ್ದಲ್ವಾ! ನಾನ್ಯಾಕೆ..."

"ಬನ್ನಿ." ಅವನು ಆಗಲೇ ಮೆಟ್ಟಿಲು ಹತ್ತುತ್ತಿದ್ದ. "ಬನ್ನಿ ಬೇಗ! ಎಡಗಡೆ ಬ್ರೇಕಿನ ಬೋಲ್ಟು ಸಡಿಲ ಇದೆ. ನಾನೇ ಬಿಟ್ಟಿದ್ದು."

ವ್ಯಾನು ಹೊರಟಿತು. ಅವಳಿಗೆ ಬೆಲ್ಟು ಹಾಕಿಕೊಳ್ಳಲೂ ಕೈ ಬರಲಿಲ್ಲ.

"ನೀವೇ ಬಿಟ್ಟಿದ್ದು ಅಂದ್ರೆ?"

"ಬೇಕಂತಲೇ. ಪ್ರತಿ ಕುರ್ಚಿಯಲ್ಲೂ ಒಂದು ಬಿಡ್ತೀನಿ. ನನಗೆ ಈ ಕೆಲಸ ಕಲಿಸಿದ ಮುದುಕ ಹಾಗೇ ಮಾಡ್ತಿದ್ದ. ಜೊತೆಯವರು ಅದನ್ನ ಹುಡುಕಬೇಕು. ಹುಡುಕಿದ್ರೆ, ಇವರು ನಿಜವಾಗಿ ನೋಡ್ತಾರೆ, ಇವರ ಮೇಲೆ ಭಾರ ಹಾಕಬಹುದು ಅಂತ." ಅವನು ಸಿಗ್ನಲ್ಲಿನಲ್ಲಿ ನಿಂತು ಸ್ಟಿಯರಿಂಗಿಗೆ ಗುದ್ದಿದ. "ಹನ್ನೊಂದು ಕುರ್ಚಿ! ಹನ್ನೊಂದರಲ್ಲೂ ಬಿಟ್ಟೆ. ಕಾಲುಹಲಗೆಯಲ್ಲಿ, ತೋಳಲ್ಲಿ, ಯಾರಿಗೂ ಅಪಾಯ ಆಗದ ಕಡೆ. ಹನ್ನೊಂದು ಸಲ ನೀವು ಸಹಿ ಹಾಕಿ ಎದ್ದು ಹೋದ್ರಿ. ಹನ್ನೊಂದು ಸಲ ನೀವು ಹೋದ ಮೇಲೆ ನಾನೇ ಬಿಗಿದೆ."

"ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ!"

"ಹಾಳೆಯಲ್ಲಿ ಇದೆ. ಮೊದಲನೇ ಪುಟದಲ್ಲೇ ಇದೆ. ಎರಡನೆಯವರು ಪ್ರತಿ ಬೋಲ್ಟೂ ಬಿಚ್ಚಿ ನೋಡಬೇಕು ಅಂತ. ಓದಿದ್ದೀನಿ ಅಂದ್ರಿ."

"ಅನ್ಲಿಲ್ಲ. ತಲೆ ಆಡಿಸಿದೆ."

"ಎರಡಕ್ಕೂ ವ್ಯತ್ಯಾಸ ಏನು?"

"ಓದೋಕೆ ಬರ್ಲಿಲ್ಲ ಕಣ್ರೀ ನನಗೆ!" ಅವಳು ಅವನತ್ತ ತಿರುಗಿದಳು. "ಬಂದು ಮೂರು ದಿನ ಆಗಿತ್ತು. ಬರಲ್ಲ ಅಂತ ಹೇಳೋಕೂ ಬರ್ಲಿಲ್ಲ. ನೀವು ಒಬ್ಬರು ಕನ್ನಡದೋರು ಇದ್ರಿ. ಒಂದ್ಸಲ ಕೂತು ಹೇಳಿದ್ರೆ ನಿಮ್ಮ ಗಂಟು ಏನು ಹೋಗ್ತಿತ್ತು? ದಿನಾ ನನ್ನ ಕೆಲಸ ಬಿಚ್ಚಿ ಬಿಚ್ಚಿ ಹಾಕ್ತಿದ್ರಿ. ನಾನು ಅಂದ್ಕೊಂಡೆ, ನನ್ನ ಕೈಕೆಲಸ ಕಂಡ್ರೆ ನಿಮಗೆ ಅಸಹ್ಯ ಅಂತ."

ಹಸಿರು ದೀಪ ಬಂತು. ಹಿಂದಿನ ಗಾಡಿಯವನು ಹಾರ್ನ್ ಹೊಡೆದ.

"ನಾನು ಅಂದ್ಕೊಂಡೆ," ಎಂದ ಅವನು ಮೆಲ್ಲಗೆ, "ನಿಮಗೆ ಈ ಕೆಲಸಾನೇ ಬೇಡ ಅಂತ. ನಾನು ಮಾಡಿದ್ದನ್ನ ಕಣ್ಣೆತ್ತಿ ನೋಡೋಷ್ಟೂ ಆಸಕ್ತಿ ಇಲ್ಲ ಅಂತ. ಅದಕ್ಕೇ ನಿನ್ನೆ... ಬ್ರೇಕಿಗೆ ಕೈ ಹಾಕಿದೆ. ಇದನ್ನಾದರೂ ನೋಡ್ತಾರೆ, ಇದನ್ನ ನೋಡದೇ ಇರೋಕೆ ಆಗಲ್ಲ ಅಂತ. ಹಟಕ್ಕೆ ಬಿದ್ದು ಮಾಡಿದೆ. ತಪ್ಪು ನಂದು."

"ನೋಡ್ಲಿಲ್ಲವಲ್ಲ ನಾನು." ಅವಳು ಸೆರಗಿಲ್ಲದ ಕೋಟಿನ ತುದಿಯಿಂದ ಮೂಗೊರೆಸಿಕೊಂಡಳು. "ತಪ್ಪು ನಂದೂ."

ಬೀದಿ ಎದುರಾಯಿತು. ಮೇಲಿನಿಂದ ಕೆಳಗಿನ ತನಕ ಒಂದೇ ಇಳಿಜಾರು. ನಡುವೆ, ರಸ್ತೆಯ ಅಂಚಿಗೆ, ಹನ್ನೆರಡನೆಯ ಕುರ್ಚಿ ಪಕ್ಕಕ್ಕೆ ಮಗುಚಿ ಬಿದ್ದಿತ್ತು. ಮೇಲೆದ್ದ ಚಕ್ರ ಇನ್ನೂ ಅಲ್ಲಾಡುತ್ತಿದ್ದ ಹಾಗೆ ಕಂಡಿತು.

ವ್ಯಾನು ನಿಲ್ಲುವ ಮೊದಲೇ ಅವಳು ಬಾಗಿಲು ತೆರೆದಳು.

ಹತ್ತಿರ ಓಡಿದರು. ಕುರ್ಚಿಯ ಸುತ್ತ ಆಲೂಗಡ್ಡೆ. ರಸ್ತೆಯ ತುಂಬ ಆಲೂಗಡ್ಡೆ. ಚರಂಡಿಯ ತನಕ ಉರುಳಿಹೋದ ಆಲೂಗಡ್ಡೆ.

"ಏ! ಅದು ನಿಮ್ಮದೇನಾ?" ಮೇಲ್ತುದಿಯ ಮನೆಯ ಹೊಸಿಲಲ್ಲಿ, ಸಾದಾ ಕುರ್ಚಿಯ ಮೇಲೆ, ಒಂದು ಕಾಲಿಗೆ ಪಟ್ಟಿ ಹಾಕಿಕೊಂಡ ಮುದುಕ ಕೂತಿದ್ದ. ಆ ಹೆಂಗಸಿನ ಅಪ್ಪ.

"ನಿಮಗೇನೂ ಆಗ್ಲಿಲ್ವಾ?" ಅವನು ಏದುಸಿರಿನಲ್ಲಿ ಕೇಳಿದ.

"ನನಗ್ಯಾಕೆ ಆಗುತ್ತೆ? ಮೂವತ್ತು ವರ್ಷ ಬಸ್ ಓಡಿಸಿದವನು ನಾನು. ಬ್ರೇಕ್ ನೋಡದೆ ಗಾಡಿ ಹತ್ತುತೀನಾ?" ಮುದುಕನಿಗೆ ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚಿತ್ತು. "ಮೊದಲು ಮೂಟೆ ಕೂರಿಸು ಅಂದೆ ಮಗಳಿಗೆ. ಮೂಟೆ ಹೋಯ್ತು ನೋಡಿ, ನಿಲ್ದಾಣ ಬಂದರೂ ನಿಲ್ಲಿಸದೆ! ಇದನ್ನ ನೋಡಿದ್ದು ಯಾರು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾನು," ಅಂದಳು ಅವಳು.

"ನಾನು," ಅಂದ ಅವನು. ಅದೇ ಉಸಿರಿನಲ್ಲಿ.

"ಇಬ್ಬರು ನೋಡಿಯೂ ಹೀಗಾ? ಯಾರೂ ನೋಡದೇ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು! ಹೋಗಿ, ಮೊದಲು ಆಲೂಗಡ್ಡೆ ಆಯ್ದುಕೊಂಡು ಬನ್ನಿ. ಒಂದು ಕಡಿಮೆ ಆಗಬಾರದು."

ಬೀದಿಯಲ್ಲಿ ಬಗ್ಗಿ ಬಗ್ಗಿ ಇಬ್ಬರೂ ಆಲೂಗಡ್ಡೆ ಆಯ್ದರು. ಕಾರಿನಡಿ ಕೈ ಹಾಕಿದರು. ಒಂದೇ ಗಡ್ಡೆಗೆ ಇಬ್ಬರ ಕೈಯೂ ಹೋಯಿತು. ಮುದುಕನ ಬದಲು ಮೂಟೆ ಹೋಗಿತ್ತು, ಅಷ್ಟೇ. ಆ 'ಅಷ್ಟೇ' ಎಂಬುದು ಇಬ್ಬರ ಎದೆಯ ಮೇಲೂ ಕಲ್ಲಿನಂತೆ ಕೂತಿತ್ತು.

ಅವಳು ಆ ಗಡ್ಡೆಯನ್ನು ಅವನಿಗೇ ಬಿಟ್ಟಳು.

*

ಮಾರನೆಯ ದಿನ ಅವನು ನೆಲಮಾಳಿಗೆಗೆ ಇಳಿಯಲಿಲ್ಲ.

"ಬಂದು ಎಲ್ಲ ಹೇಳಿದ," ಎಂದರು ಪಾದ್ರಿಯಮ್ಮ. "ತಪ್ಪು ಪೂರ್ತಿ ತನ್ನದೇ ಅಂದ. ಕೋಣೆಯ ಬೀಗದ ಕೈ ನನ್ನ ಮುಂದಿಟ್ಟ. ನಾನು ತಗೊಂಡಿಲ್ಲ ಬಿಡು. ನಿನ್ನ ಪತ್ರಕ್ಕೂ ಸಹಿ ಹಾಕಿದ್ದಾನೆ. ನೀನು ಕೇಳಿದ ಜಾಗ ಸಿಕ್ಕಿತು ಮಗಳೇ, ಸೋಮವಾರವೇ ಹೋಗಬಹುದು. ತಾನೇ ಕೊಡ್ತೀನಿ ಅಂತ ಪತ್ರ ಇಸ್ಕೊಂಡು ಹೋದ."

"ತಪ್ಪು ನಂದೂ ಇದೆ." ಈ ಸಲ ಅವಳು ತಲೆಯಾಡಿಸಲಿಲ್ಲ. ತಡವರಿಸಿದಳು, ಕ್ರಿಯಾಪದ ಹುಡುಕಿದಳು, ಆದರೂ ಪೂರ್ತಿ ಹೇಳಿದಳು. ಹಾಳೆ ಓದಲು ಬರಲಿಲ್ಲ ಎಂಬುದನ್ನೂ.

ಪಾದ್ರಿಯಮ್ಮ ಅವಳ ಕೈ ಹಿಡಿದು ಕೂರಿಸಿದರು. "ನಾಲ್ಕು ಪುಟ ಕೊಟ್ಟವಳು ನಾನು. ಓದಿಸಿ ಕೇಳಲಿಲ್ಲ. ಮೂರು ಜನರ ತಪ್ಪು ಅನ್ನೋಣ."

ಕೇಳಿದ್ದು ಸಿಕ್ಕಿತ್ತು. ಸಂತೋಷ ಎಲ್ಲಿ ಹೋಯಿತು?

ಬೆಳಿಗ್ಗೆ ಅಪ್ಪನಿಗೆ ಫೋನು ಮಾಡಿದಳು. ಎಲ್ಲವನ್ನೂ ಒದರಿದಳು. ಬಿಗಿದದ್ದು, ಬಿಚ್ಚಿದ್ದು, ಆಲೂಗಡ್ಡೆ.

"ನೀನೇ ಹೇಳಪ್ಪ, ನಮ್ಮ ಅಂಗಡಿಯಲ್ಲಿ ಯಾರಾದ್ರೂ ನೀನು ಬಿಗಿದ ನಟ್ಟು ಮುಟ್ಟುತ್ತಿದ್ರಾ?"

ಆ ಕಡೆ ಅಪ್ಪ ನಕ್ಕ. "ಯಾರಿಗೆ ಧೈರ್ಯ ಇತ್ತು ಪುಟ್ಟಿ! ನಿಮ್ಮಮ್ಮ ಒಬ್ಬಳನ್ನ ಬಿಟ್ಟು."

"ಅಮ್ಮ?"

"ಮರೆತೆಯಾ? ರಿಪೇರಿ ಆದ ಸೈಕಲ್ ಗಿರಾಕಿ ಕೈಗೆ ಹೋಗೋ ಮೊದಲು, ನಿಮ್ಮಮ್ಮ ಹತ್ತಿ ಒಂದು ಸುತ್ತು ಹೊಡೀತಿದ್ಲಲ್ಲ."

"ಅದು... ಅದು ಅಮ್ಮ ಆಟ ಆಡ್ತಿದ್ದದ್ದು."

"ಆಟ ಅಂತೆ ಆಟ! ಬೇಕಂತಲೇ ಗುಂಡಿ ಮೇಲೆ ಹತ್ತಿಸ್ತಿದ್ಲು. ಬಂದು 'ಹಿಂದಿನ ಚಕ್ರ ಅಲ್ಲಾಡ್ತಿದೆ ಕಣ್ರೀ' ಅಂತ ಹೇಳೋಳು. ಮೊದಮೊದಲು ನನಗೆ ಮೈಯೆಲ್ಲ ಉರೀತಿತ್ತು. ಆಮೇಲೆ..."

"ಆಮೇಲೆ?"

"ಅವಳು ಒಂದು ಸುತ್ತು ಹೊಡೆಯದೇ ಯಾವ ಸೈಕಲ್ಲನ್ನೂ ಕೊಡೋಕೆ ಮನಸ್ಸು ಬರ್ತಿರ್ಲಿಲ್ಲ. ಅವಳು ತವರಿಗೆ ಹೋದ್ರೆ ಅಂಗಡಿ ಮುಚ್ಚಿಬಿಡ್ತಿದ್ದೆ ಮಾರಾಯ್ತಿ!"

ಫೋನಿನಲ್ಲಿ ಹಿಂದಿನಿಂದ ಅಮ್ಮನ ದನಿ ಕೇಳಿತು, "ಏನ್ರೀ ಅದು ನನ್ನ ಮೇಲೆ ಚಾಡಿ?"

ಅವಳು ಫೋನು ಇಟ್ಟಳು. ಅಂಗಳದಲ್ಲಿ ಸೀರೆ ಎತ್ತಿ ಕಟ್ಟಿ ಗಂಡಸರ ಸೈಕಲ್ ತುಳಿಯುತ್ತ ನಗುತ್ತಿದ್ದ ಅಮ್ಮ ಕಣ್ಣ ಮುಂದೆ ಬಂದಳು. ಅಂಗಡಿಯ ಬಾಗಿಲಲ್ಲಿ ನಿಂತು, ಕೈ ಒರೆಸಿಕೊಳ್ಳುತ್ತ, ಚಕ್ರವನ್ನು ನೋಡದೆ ಅಮ್ಮನನ್ನೇ ನೋಡುತ್ತಿದ್ದ ಅಪ್ಪ.

*

ಶನಿವಾರ. ನೆಲಮಾಳಿಗೆಯ ಮೂಲೆಯಲ್ಲಿ ಹದಿಮೂರನೆಯ ಕುರ್ಚಿ. ಅವಳು ಬರುವ ಮೊದಲೇ ಅವನು ಬಂದು ಮಾಡಿಟ್ಟು ಹೋಗಿದ್ದ. ಚೀಟಿಯ ಮೊದಲ ಗೆರೆಯ ಮೇಲೆ ಅವನ ಸಹಿ. ಎರಡನೆಯದು ಖಾಲಿ.

ಅವಳು ಗವಸು ಹಾಕಿಕೊಂಡಳು. ನೆಲದಲ್ಲಿ ಕೂತಳು. ಮೊದಲ ಬೋಲ್ಟಿಗೆ ಸ್ಪಾನರ್ ಹಾಕುವಾಗ ಕೈ ಹಿಂಜರಿಯಿತು. ದೊಡ್ಡವರ ಕೆಲಸ... ಹಲ್ಲು ಕಚ್ಚಿ ತಿರುಗಿಸಿದಳು.

ಬಿಚ್ಚಿದಳು. ಬೆಳಕಿಗೆ ಹಿಡಿದಳು. ಮರೆಯಲ್ಲಿದ್ದ ಕೊಳೆಯನ್ನೂ ಸೂಜಿಯಿಂದ ಕೆರೆದು ತೆಗೆದಿದ್ದ ಅವನು. ಯಾರೂ ನೋಡದ ವಾಷರಿಗೂ ಎಣ್ಣೆ ಸವರಿದ್ದ. ಇಷ್ಟು ದಿನ ಇವನ ಪಕ್ಕದಲ್ಲೇ ಕೂತು ಇದನ್ನು ನೋಡಿರಲಿಲ್ಲವಲ್ಲ! ಒಬ್ಬ ಮನುಷ್ಯನ ಮನಸ್ಸನ್ನು ಇಷ್ಟು ಹತ್ತಿರದಿಂದ ಬೇರೆ ಹೇಗೆ ನೋಡಲು ಸಾಧ್ಯ?

ಹದಿನಾಲ್ಕು ಬೋಲ್ಟು. ಸಡಿಲ ಇರುವುದು ಯಾವುದು? ಐದು, ಎಂಟು, ಹನ್ನೊಂದು... ಬೆವರು ಬಂತು. ಹದಿನಾಲ್ಕನೆಯದೂ ಬಿಗಿಯಾಗಿತ್ತು.

ಮತ್ತೆ ಮೊದಲಿಂದ ನೋಡಿದಳು. ಇಲ್ಲ. ಒಂದೂ ಇಲ್ಲ.

ಅವನು ಏನನ್ನೂ ಬಿಟ್ಟಿರಲಿಲ್ಲ.

ಎರಡೂವರೆ ತಿಂಗಳು ಅವನು ತನ್ನ ಬೋಲ್ಟು ಬಿಚ್ಚಿದ್ದಕ್ಕೆ ಬಾರದ ಅಳು ಈಗ ಬಂತು. ಕುರ್ಚಿಯ ಚಕ್ರಕ್ಕೆ ಹಣೆ ಹಚ್ಚಿ ಅತ್ತಳು.

"ಏನಾಯ್ತು? ಕೈಗೆ ಪೆಟ್ಟಾಯ್ತಾ?"

ಬಾಗಿಲಲ್ಲಿ ಅವನು. ಕೈಯಲ್ಲೊಂದು ಲಕೋಟೆ.

"ಇದರಲ್ಲಿ ಯಾಕೆ ಬಿಟ್ಟಿಲ್ಲ?" ಅವಳು ಸ್ಪಾನರ್ ಎತ್ತಿ ಅವನತ್ತ ತೋರಿಸಿದಳು. "ಎರಡು ಸಲ ಬಿಚ್ಚಿದೆ. ಹದಿನಾಲ್ಕಕ್ಕೆ ಹದಿನಾಲ್ಕೂ ಸರಿ ಇದೆ! ಯಾಕೆ?"

ಅವನು ಅವಳ ಸುತ್ತ ಚೆಲ್ಲಿದ್ದ ವಾಷರುಗಳನ್ನು ನೋಡಿದ. ಗವಸು ಹಾಕಿದ ಕೈಗಳನ್ನು ನೋಡಿದ.

"ಇನ್ನು ಯಾರಿಗೆ ಅಂತ ಬಿಡಲಿ?"

ಅವಳು ಕಣ್ಣೊರೆಸಿಕೊಂಡು ಎದ್ದಳು. ಒಂದೊಂದಾಗಿ ಎಲ್ಲ ಬೋಲ್ಟುಗಳನ್ನೂ ಮತ್ತೆ ಬಿಗಿದಳು. ಅವನು ಸಹಾಯಕ್ಕೆ ಬರಲಿಲ್ಲ. ಅದಕ್ಕೆ ಅವಳಿಗೆ ಅವನ ಮೇಲೆ ತುಂಬ ಪ್ರೀತಿ ಬಂತು. ಮುಗಿಸಿ, ತಾನೇ ಕುರ್ಚಿಯಲ್ಲಿ ಕೂತು ಕಾಲುಹಲಗೆಯ ಮೇಲೆ ಕಾಲಿಟ್ಟಳು.

"ತಳ್ಳಿ."

"ಏನು?"

"ಒಂದು ಸುತ್ತು. ನಮ್ಮ ಅಂಗಡಿಯಲ್ಲಿ ಹಾಗೇ. ಹಾಳೆ ಓದಿಲ್ವಾ?"

ಅವನು ನಕ್ಕ. ಅವಳು ಅವನ ನಗು ಕೇಳಿದ್ದು ಅದೇ ಮೊದಲು. ಹಿಂದೆ ಬಂದು ಹಿಡಿ ಹಿಡಿದ. ರಾಶಿ ಕುರ್ಚಿಗಳ ನಡುವೆ, ದರ್ಜಿಯಜ್ಜಿಯ ಹೊಲಿಗೆ ಯಂತ್ರದ ಪಕ್ಕದಿಂದ, ಕಿಟಕಿಯ ಬೆಳಕು ಬೀಳುವ ಕಡೆಗೆ ಕುರ್ಚಿ ಮೆಲ್ಲಗೆ ಉರುಳಿತು. ಅವನ ಮುಖ ಕಾಣುತ್ತಿರಲಿಲ್ಲ. ಅದರಿಂದಲೇ ಇಬ್ಬರಿಗೂ ಮಾತು ಬಂತು.

"ಬ್ರೇಕಿಗೆ ಇನ್ಯಾವತ್ತೂ ಕೈ ಹಾಕಬೇಡಿ."

"ಆಣೆ ಮಾಡಿದ್ದೀನಿ."

"ನೀವು ಮಾಡಿದ ಕುರ್ಚಿ ನಾನು ನೋಡ್ಲಿಲ್ಲ, ನಿಜ." ಅವಳು ನೇರ ಮುಂದೆ ನೋಡುತ್ತ ಹೇಳಿದಳು. "ನಿಮ್ಮನ್ನ ನೋಡ್ತಿದ್ದೆ."

ಕುರ್ಚಿ ನಿಂತಿತು.

"ಬಿಚ್ಚೋದು ಬೇಗ ಮುಗೀತಿತ್ತು ನಂದು," ಎಂದ ಅವನು ಹಿಂದಿನಿಂದ. "ಬೇಕಂತ ನಿಧಾನ ಮಾಡ್ತಿದ್ದೆ. ಮುಗಿದ್ರೆ ನೀನು ಎದ್ದು ಹೋಗ್ತೀಯ ಅಂತ."

ನೀನು! ಅವಳು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅದನ್ನೂ ಹೇಳ್ಲಿಲ್ಲ."

"ಅದು ಹಾಳೆಯಲ್ಲಿ ಇರ್ಲಿಲ್ಲ."

ಅವಳ ಹೆಗಲ ಮೇಲಿನಿಂದ ಲಕೋಟೆ ಮುಂದೆ ಬಂತು.

"ನಿನ್ನ ಪತ್ರ. ಎರಡೂ ಸಹಿ ಇದೆ. ಒಳ್ಳೆ ಜಾಗ, ಬೆಚ್ಚಗಿನ ಅಡುಗೆಮನೆ. ಅಲ್ಲಿ ಯಾರೂ ನಿನ್ನ ಕೆಲಸ ಬಿಚ್ಚಿ ನೋಡಲ್ಲ. ತಗೊ."

"ಬೇಡ," ಎಂದಳು ಅವಳು.